ಅತ್ತೆಯ ಪೊಟ್ಯಾಸಿಯಂ

ಮದುವೆಯಾಗಿ ಹದಿನೆಂಟು ವರ್ಷವಾದರೂ ನಮ್ಮ ಅತ್ತೆಯ ಅಡುಗೆಮನೆಯಲ್ಲಿ ನನಗೆ ಈರುಳ್ಳಿ ಹೆಚ್ಚುವ ಕೆಲಸದಿಂದ ಬಡ್ತಿ ಸಿಕ್ಕಿರಲಿಲ್ಲ. ವಿಮಾ ಕಚೇರಿಯಲ್ಲಿ ನಾನು ಸೀನಿಯರ್ ಅಸಿಸ್ಟೆಂಟ್ ಆದೆ, ನನ್ನ ಮಾತು ಕೇಳುವುದಕ್ಕೆ ನಾಲ್ಕು ಜನ ಬಂದರು. ಬನಶಂಕರಿ ಎರಡನೇ ಹಂತದ ನಮ್ಮ ಮನೆಯ ಹೊಸಿಲು ದಾಟಿದ ಕೂಡಲೇ ನಾನು ಮತ್ತೆ ಈರುಳ್ಳಿ ಹೆಚ್ಚುವವಳು. ಹೆಚ್ಚಿದ್ದೂ ಅವರಿಗೆ ಸರಿಬರುತ್ತಿರಲಿಲ್ಲ. "ಇದೇನಿದು, ದನಕ್ಕೆ ಹಾಕೋಕಾ?" ಅನ್ನುತ್ತಿದ್ದರು. ಇಂಥ ಅತ್ತೆಯ ಬಾಯಿಗೆ ಏನು ಹೋಗಬೇಕು, ಎಷ್ಟು ಹೋಗಬೇಕು, ಯಾವಾಗ ಹೋಗಬೇಕು ಅನ್ನುವ ಪೂರ್ತಿ ಅಧಿಕಾರವನ್ನು ಒಂದು ಸೋಮವಾರ ಜೆ.ಪಿ. ನಗರದ ಆಸ್ಪತ್ರೆಯವರು ನನ್ನ ಕೈಗೆ ಕೊಟ್ಟುಬಿಟ್ಟರು. ನನಗೆ ದುಃಖವಾಗಿತ್ತು, ಸುಳ್ಳು ಹೇಳುವುದಿಲ್ಲ. ಒಳಗೊಳಗೇ ಒಂದು ಚೂರು ಖುಷಿಯೂ ಆಯಿತು, ಅದನ್ನೂ ಮುಚ್ಚಿಡುವುದಿಲ್ಲ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಬಿ.ಪಿ.ಯನ್ನೂ ಸಕ್ಕರೆ ಕಾಯಿಲೆಯನ್ನೂ ಅತ್ತೆ ಇಪ್ಪತ್ತು ವರ್ಷ ಮನೆಗೆ ಬಂದ ಸೇಲ್ಸ್‌ಮನ್‌ಗಳ ಹಾಗೆ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸದೆ ಕಳಿಸುತ್ತಿದ್ದರು. ಕೊನೆಗೆ ಅವೆರಡೂ ಸೇರಿ ಕಿಡ್ನಿಯನ್ನು ಕೆಡಿಸಿದ್ದವು. ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್. ಬೆಳಿಗ್ಗೆ ಪೂಜೆ ಮುಗಿಸಿ, ಹಣೆಗೆ ಮೂರು ಬೆರಳಿನ ವಿಭೂತಿ ಎಳೆದು, ಮದುವೆಮನೆಗೆ ಹೊರಟವರ ಹಾಗೆ ಸೀರೆ ನೆರಿಗೆ ಸರಿಮಾಡಿಕೊಂಡು ಆಟೋ ಹತ್ತುತ್ತಿದ್ದರು. ಆಸ್ಪತ್ರೆಯಲ್ಲಿ ಎಡತೋಳನ್ನು ಮೆಷಿನ್ನಿಗೆ ಒಪ್ಪಿಸಿ ನಾಲ್ಕು ಗಂಟೆ ಮಲಗುವುದು. ನಾನು ಬಿಟ್ಟು ಕಚೇರಿಗೆ ಹೋಗುತ್ತಿದ್ದೆ, ಮಧ್ಯಾಹ್ನ ನಮ್ಮವರು ಹೋಗಿ ಕರೆತರುತ್ತಿದ್ದರು.

ನನಗೆ ಅಧಿಕಾರ ವಹಿಸಿಕೊಟ್ಟವಳು ಆ ಆಸ್ಪತ್ರೆಯ ಡಯಟಿಶಿಯನ್. ಇಪ್ಪತ್ತೈದರ ಹುಡುಗಿ, ಹುಬ್ಬಳ್ಳಿ ಕಡೆಯವಳು, ಬಿಟಿಎಂ ಲೇಔಟಿನ ಪಿ.ಜಿ.ಯೊಂದರಲ್ಲಿ ಇದ್ದುಕೊಂಡು ಕೆಲಸಕ್ಕೆ ಬರುತ್ತಿದ್ದಳು. ಅತ್ತೆಯನ್ನು ಮಂಚದ ಮೇಲೆ, ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಪಾಠ ಶುರುಮಾಡಿದಳು.

"ನೋಡ್ರಿ ಅಕ್ಕಾರ, ಕಿಡ್ನಿ ಕೆಲಸಾ ಬಿಟ್ಟ ಮ್ಯಾಲೆ ತಿಂದದ್ದರಾಗಿನ ಪೊಟ್ಯಾಸಿಯಂ ಹೊರಗ ಹೋಗಂಗಿಲ್ರಿ. ರಕ್ತದಾಗ ಕೂಡತದ. ಅದು ಜಾಸ್ತಿ ಆತಂದ್ರ ಹೃದಯ ಬಡಿಯೂದ ತಪ್ತದ. ಬಾಳೆಹಣ್ಣು, ಎಳನೀರು, ಟೊಮ್ಯಾಟೊ, ಆಲೂಗಡ್ಡಿ, ಒಣ ದ್ರಾಕ್ಷಿ ಕೊಡಬ್ಯಾಡ್ರಿ. ಹಾಲು, ಕಾಳು, ಕಡ್ಲಿಬೀಜದಾಗ ಫಾಸ್ಫರಸ್ ಐತಿ, ಅದನ್ನೂ ಕಡಿಮಿ ಮಾಡ್ರಿ. ಉಪ್ಪು ಕಡಿಮಿ. ನೀರು, ಸಾರು, ಕಾಫಿ ಎಲ್ಲಾ ಸೇರಿ ದಿನಕ್ಕ ಒಂದು ಲೀಟರ್ ಒಳಗ."

ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, "ಮಣ್ಣು ತಿನ್ನಬಹುದಾ?" ಅಂದರು.

ಹುಡುಗಿ ಗಂಭೀರವಾಗಿ, "ಮಣ್ಣಿನಾಗೂ ಫಾಸ್ಫರಸ್ ಇರ್ತದ್ರಿ ಅಜ್ಜಿ," ಅಂದಳು.

ಆಮೇಲೆ ತರಕಾರಿಯ ವಿಷಯಕ್ಕೆ ಬಂದಳು. ಬೀನ್ಸು, ಎಲೆಕೋಸು, ಸೋರೆಕಾಯಿ ಯಾವುದೇ ಆಗಲಿ, ಸಣ್ಣಗೆ ಹೆಚ್ಚಿ, ನೀರಲ್ಲಿ ನೆನೆಸಿಟ್ಟು, ಧಾರಾಳವಾಗಿ ನೀರು ಹಾಕಿ ಕುದಿಸಿ, ನೀರು ಬಸಿಯಬೇಕು. ಸಾಧ್ಯವಾದರೆ ಹೊಸ ನೀರಿನಲ್ಲಿ ಇನ್ನೊಂದು ಸಲ ಕುದಿಸಿ ಬಸಿಯಬೇಕು. ತರಕಾರಿಯಲ್ಲಿರುವ ಪೊಟ್ಯಾಸಿಯಂ ಆ ನೀರಿಗೆ ಇಳಿದುಬಿಡುತ್ತದೆ.

"ಬಸಿಯೋದಾ?" ಅಂದೆ ನಾನು. ಅಷ್ಟು ಹೊತ್ತು ಅದು ಬೇಡ, ಇದು ಬೇಡ ಅಂತ ಕೇಳಿ ಕೇಳಿ ತಲೆ ತಗ್ಗಿಸಿಕೊಂಡಿದ್ದ ನನಗೆ ಗೊತ್ತಿರುವ ಒಂದೇ ಒಂದು ವಿಷಯ ಸಿಕ್ಕಿತ್ತು. "ಅದನ್ನ ನಮಗೆ ಹೇಳಿಕೊಡಬೇಕಾಗಿಲ್ಲಮ್ಮ. ನಮ್ಮ ಮನೇಲಿ ಬಸಿಯೋದು ಮುತ್ತಜ್ಜಿ ಕಾಲದಿಂದ ನಡ್ಕೊಂಡು ಬಂದಿದೆ."

"ಹಂಗಾರ ನಿಮಗೇನು ತ್ರಾಸಿಲ್ಲ ಬಿಡ್ರಿ," ಅಂತ ಅವಳಿಗೂ ಖುಷಿಯಾಯಿತು. ಅತ್ತೆ ಒಂದು ಸಲ ನನ್ನ ಮುಖ ನೋಡಿ, ಏನೋ ಹೇಳಲು ಬಾಯಿ ತೆರೆದು, ಸುಮ್ಮನಾಗಿ ಗೋಡೆಯ ಕಡೆ ತಿರುಗಿದರು. ಬಾಳೆಹಣ್ಣು ಹೋದದ್ದಕ್ಕೆ ಬೇಜಾರಾಗಿರಬೇಕು ಅಂದುಕೊಂಡೆ.

ಹೊರಡುವ ಮುಂಚೆ ಮಾತ್ರೆಗಳನ್ನು ವಿವರಿಸಿದಳು. ಡಯಾಲಿಸಿಸ್ ಮೆಷಿನ್ನು ರಕ್ತದಲ್ಲಿರುವ ಕೆಟ್ಟದ್ದನ್ನು ಮಾತ್ರ ಆರಿಸಿ ತೆಗೆಯುವುದಿಲ್ಲ, ನೀರಲ್ಲಿ ಕರಗುವ ಬಿ, ಸಿ ವಿಟಮಿನ್ನುಗಳನ್ನೂ ತೊಳೆದುಕೊಂಡು ಹೋಗುತ್ತದೆ. ತರಕಾರಿ ಬಸಿದಾಗಲೂ ಅವು ಹೋಗುತ್ತವೆ. ಅದಕ್ಕೆ ಒಂದು ಕೆಂಪು ಮಾತ್ರೆ, ಡಯಾಲಿಸಿಸ್ ಆದ ಮೇಲೆ ತೆಗೆದುಕೊಳ್ಳಬೇಕು, ಮೊದಲೇ ನುಂಗಿದರೆ ಅದೂ ತೊಳೆದುಹೋಗುತ್ತದೆ. ಇನ್ನೊಂದು ಬಿಳಿ ಕ್ಯಾಲ್ಸಿಯಂ ಮಾತ್ರೆ. ಅದನ್ನು ಊಟದ ಜೊತೆಗೇ ಅಗಿಯಬೇಕು, ಅನ್ನದಲ್ಲಿರುವ ಫಾಸ್ಫರಸ್ಸನ್ನು ಹೊಟ್ಟೆಯಲ್ಲೇ ಹಿಡಿದು ಹೊರಗೆ ಸಾಗಿಸುತ್ತದಂತೆ. ಊಟವಾಗಿ ಎರಡು ಗಂಟೆ ಬಿಟ್ಟು ತಿಂದರೆ ಹಿಡಿಯುವುದಕ್ಕೆ ಅಲ್ಲೇನೂ ಇರುವುದಿಲ್ಲ.

ನಾನು ಕಚೇರಿಯ ಬುದ್ಧಿ ಬಿಡಲಿಲ್ಲ. ಫ್ರಿಜ್ಜಿನ ಬಾಗಿಲಿಗೆ ದೊಡ್ಡ ಚಾರ್ಟು ಅಂಟಿಸಿದೆ. ಅತ್ತೆಯ ನೀರಿಗೆ ಒಂದು ಲೀಟರಿನ ಬಾಟಲಿ ಗೊತ್ತುಮಾಡಿ, ಕಾಫಿಗೂ ಸಾರಿಗೂ ಅದರಿಂದಲೇ ಕಳೆಯುತ್ತಿದ್ದೆ. ಸಾರನ್ನಂತೂ ಚೆನ್ನಾಗಿ ಕುದಿಸಿ ಗಟ್ಟಿ ಮಾಡಿ ಒಂದೇ ಬಟ್ಟಲು ಬಡಿಸುತ್ತಿದ್ದೆ. ಊಟಕ್ಕೆ ಕೂತಾಗ ಬಿಳಿ ಮಾತ್ರೆ ಹಿಡಿದು ಅವರ ಪಕ್ಕದಲ್ಲಿ ನಿಂತುಬಿಡುತ್ತಿದ್ದೆ. ಮೊದಲ ತುತ್ತಿನ ಜೊತೆ ಅದು ಒಳಗೆ ಹೋಗುವ ತನಕ ನಾನು ಅಲ್ಲಾಡುತ್ತಿರಲಿಲ್ಲ.

"ಬಳಪದ ರುಚಿ," ಅನ್ನುತ್ತಿದ್ದರು ಅತ್ತೆ. "ಚಿಕ್ಕೋಳಿದ್ದಾಗ ಬಳಪ ತಿಂದಿದ್ದಕ್ಕೆ ನಮ್ಮಮ್ಮ ಬೆನ್ನಿಗೆ ಹಾಕ್ತಿದ್ಲು. ಈಗ ತಿನ್ನಲ್ಲ ಅಂದ್ರೆ ಸೊಸೆ ಹಾಕ್ತಾಳೆ."

ಕೆಂಪು ಮಾತ್ರೆಯನ್ನು ಅವರು ಬೆಳಿಗ್ಗೆ ಪೂಜೆಯಾದ ತಕ್ಷಣ ತೀರ್ಥದ ಹಾಗೆ ಕಣ್ಣಿಗೊತ್ತಿಕೊಂಡು ನುಂಗಿಬಿಡುತ್ತಿದ್ದರು. ಡಯಾಲಿಸಿಸ್ ಆದ ಮೇಲೆ ಅಂತ ಎಷ್ಟು ಹೇಳಿದರೂ, "ಒಳ್ಳೇದು ಬೆಳಿಗ್ಗೆ ಖಾಲಿ ಹೊಟ್ಟೇಲೇ ತಗೋಬೇಕು" ಅನ್ನುವುದು ಅವರ ವಾದ. ಕೊನೆಗೆ ಆ ಡಬ್ಬಿಯನ್ನು ನನ್ನ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡು, ಅಂದಂದಿನ ಮಾತ್ರೆಯನ್ನು ನಮ್ಮವರ ಶರ್ಟಿನ ಜೇಬಿಗೆ ಹಾಕಿ ಕಳಿಸಬೇಕಾಯಿತು.

ಇಷ್ಟರಲ್ಲಿ ನನ್ನ ನಾದಿನಿ ಉತ್ತರಹಳ್ಳಿಯಿಂದ ಬಂದಳು. ಅವಳ ಕೈಚೀಲ ಬಿಚ್ಚಿದರೆ ಒಂದು ಚಿಪ್ಪು ಏಲಕ್ಕಿ ಬಾಳೆ, ಒಂದು ಕೆ.ಜಿ. ಕ್ಯಾರೆಟ್ಟು, ಒಂದು ಟಾನಿಕ್ ಬಾಟಲಿ, ಒಂದು ಉಪ್ಪಿನ ಪೊಟ್ಟಣ.

"ಅತ್ತಿಗೆ, ಅಮ್ಮನ ಕಣ್ಣು ನೋಡಿ, ಹೇಗೆ ಒಳಗೆ ಹೋಗಿದೆ. ವಿಟಮಿನ್ ಕಮ್ಮಿಯಾಗಿದೆ. ಈ ಟಾನಿಕ್‌ನಲ್ಲಿ ಎ ಇಂದ ಶುರುವಾಗಿ ಎಲ್ಲಾ ವಿಟಮಿನ್ನೂ ಇದೆ."

"ಆ ಎ-ನೇ ಬೇಡ ಅಂದಿರೋದು," ಅಂದೆ. "ಬಿ, ಸಿ ತರ ಅದು ತೊಳೆದು ಹೋಗಲ್ಲ. ಮೈಯಲ್ಲೇ ಕೂತ್ಕೊಂಡು ವಿಷ ಆಗತ್ತೆ."

"ಟಾನಿಕ್ ಹೇಗೆ ವಿಷ ಆಗತ್ತೆ? ಬಾಟಲಿ ಮೇಲೆ ಗುಂಡುಗುಂಡಾಗಿರೋ ಮಗು ಇದೆ."

"ಆ ಮಗುಗೆ ಕಿಡ್ನಿ ಇದೆಯಮ್ಮ."

ಉಪ್ಪಿನ ಪೊಟ್ಟಣ ಬಿ.ಪಿ. ಇರುವವರಿಗಂತ ಮಾಡಿದ, ಸೋಡಿಯಂ ಕಡಿಮೆ ಇರುವ ಉಪ್ಪು. ಅದರ ಬೆನ್ನಿಗಿದ್ದ ಸಣ್ಣ ಅಕ್ಷರವನ್ನು ಕನ್ನಡಕ ಹಾಕಿಕೊಂಡು ಓದಿದೆ. ಸೋಡಿಯಂ ತೆಗೆದು ಅದರ ಜಾಗಕ್ಕೆ ಪೊಟ್ಯಾಸಿಯಂ ತುಂಬಿದ್ದರು. ನನ್ನ ಜಾಣತನಕ್ಕೆ ನಾನೇ ಬೆರಗಾದೆ. ನಾಲ್ಕೂ ಸಾಮಾನನ್ನು ಅದೇ ಚೀಲಕ್ಕೆ ತುಂಬಿ ವಾಪಸ್ಸು ಕೊಟ್ಟೆ. ಅವಳು ಮುಖ ಊದಿಸಿಕೊಂಡು ಬಸ್ಸು ಹತ್ತಿದಳು. ಒಂದು ವಾರದೊಳಗೆ, ಸೊಸೆ ಅತ್ತೆಗೆ ಒಂದು ಬಾಳೆಹಣ್ಣಿಗೂ ಗತಿಯಿಲ್ಲದ ಹಾಗೆ ಮಾಡಿದ್ದಾಳೆ ಅನ್ನುವ ಸುದ್ದಿ ನಮ್ಮ ನೆಂಟರಿಷ್ಟರ ಮನೆಗಳನ್ನೆಲ್ಲ ಸುತ್ತಿ ಬಂದು ನನ್ನ ಕಿವಿಗೂ ಬಿತ್ತು. ಬೀಳಲಿ ಬಿಡು, ತಿಂಗಳ ರಕ್ತಪರೀಕ್ಷೆ ಬಂದಾಗ ಎಲ್ಲರ ಬಾಯಿಯೂ ಮುಚ್ಚುತ್ತದೆ ಅಂದುಕೊಂಡೆ.

ಪರೀಕ್ಷೆ ಬಂತು. ಐದೂವರೆಯೊಳಗೆ ಇರಬೇಕಾದ ಪೊಟ್ಯಾಸಿಯಂ ಆರು ಪಾಯಿಂಟ್ ನಾಲ್ಕು.

ಡಾಕ್ಟರು ವಯಸ್ಸಾದವರು, ಯಾವತ್ತೂ ದನಿ ಏರಿಸದವರು. ಅತ್ತೆಯನ್ನೂ ನನ್ನನ್ನೂ ಕೂರಿಸಿ, "ಇವರಿಗೆ ಮನೇಲಿ ಏನೋ ಸಿಗ್ತಾ ಇದೆ. ಅದೇನು ಅಂತ ಕಂಡುಹಿಡೀರಿ. ಇದು ಹೀಗೇ ಏರ್ತಾ ಹೋದ್ರೆ ಒಂದು ದಿನ ಕಾಫಿ ಕುಡೀತಾ ಕೂತಿರೋ ಹಾಗೇ ಹೃದಯ ನಿಂತುಹೋಗತ್ತೆ. ನಮಗೆ ಏನೂ ಮಾಡೋಕೆ ಟೈಮ್ ಇರಲ್ಲ," ಅಂದರು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಹೆದರಿಕೆಯಾದಾಗಲಂತೂ ಕೇಳುವುದೇ ಬೇಡ. ಆಟೋದಲ್ಲಿ ಮನೆ ತಲುಪುವಷ್ಟರಲ್ಲಿ ನಮ್ಮವರನ್ನು ಅಪರಾಧಿ ಅಂತ ತೀರ್ಮಾನಿಸಿಬಿಟ್ಟಿದ್ದೆ. ಡಯಾಲಿಸಿಸ್ ಮುಗಿಸಿ ಕರೆತರುವಾಗ ಎಳನೀರು ಕುಡಿಸುತ್ತೀರಾ ಅಂತ ಕೇಳಿದೆ. ಅವರು ಅಮ್ಮನಾಣೆ ಇಲ್ಲ ಅಂದರು. ಅಮ್ಮನ ವಿಷಯದಲ್ಲಿ ಅಮ್ಮನಾಣೆ ಹಾಕಬೇಡಿ ಅಂತ ಅದಕ್ಕೂ ಬೈದೆ. ನಾದಿನಿ ಅಮ್ಮನನ್ನು ನೋಡಲು ಬಂದಾಗ ಅವಳ ಬ್ಯಾಗನ್ನು ಬಾಗಿಲಲ್ಲೇ ತೆಗೆಸಿ ನೋಡಿದೆ. ಒಳಗೆ ಛತ್ರಿ, ಕರ್ಚೀಫು, ಬಸ್ ಟಿಕೆಟ್ಟು ಬಿಟ್ಟರೆ ಏನೂ ಇರಲಿಲ್ಲ. "ಕಳ್ಳೀನ ನೋಡೋ ಹಾಗೆ ನೋಡ್ತೀರಲ್ಲ ಅತ್ತಿಗೆ," ಅಂತ ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತಳು. ನನ್ನ ಮನಸ್ಸು ಕರಗಲಿಲ್ಲ.

ಅತ್ತೆ ಸ್ನಾನಕ್ಕೆ ಹೋದಾಗ ಅವರ ದಿಂಬು, ಹಾಸಿಗೆ, ಬೀರು ಶೋಧಿಸಿದೆ. ಒಂದು ವಿಭೂತಿ ಗಟ್ಟಿ, ಎರಡು ಹೇರ್‌ಪಿನ್ನು, ಅವಧಿ ಮುಗಿದ ಬಸ್ ಪಾಸು ಸಿಕ್ಕಿದವು. ಒಂದು ಶನಿವಾರ ಮಧ್ಯಾಹ್ನ ಅವರು ಮಲಗಿದ್ದಾಗ ಮೆಲ್ಲಗೆ ಹೋಗಿ ಬಗ್ಗಿ ಬಾಯಿ ಮೂಸಿ ನೋಡಿದೆ. ಬಾಳೆಹಣ್ಣಿನ ವಾಸನೆ ಬರುತ್ತದೇನೋ ಅಂತ.

ಅತ್ತೆ ಕಣ್ಣು ಬಿಡದೆ, "ಯಾಕೆ, ಹೋಗಿಬಿಟ್ಟೆ ಅಂದ್ಕೊಂಡ್ಯಾ?" ಅಂದರು.

ಮುಂದಿನ ವಾರದ ಪರೀಕ್ಷೆಯಲ್ಲೂ ಸಂಖ್ಯೆ ಇಳಿಯಲಿಲ್ಲ. ಆ ದಿನ ಊಟದ ಹೊತ್ತಿಗೆ ನಾನು ನಮ್ಮವರ ಮೇಲೆ ಮತ್ತೆ ಹಾರಾಡುತ್ತಿದ್ದೆ. ಅತ್ತೆ ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲಿಟ್ಟು, "ಅವನನ್ನ ಯಾಕೆ ಬೈತೀಯ, ನಾನೇ ತಿಂದಿದ್ದು," ಅಂದರು.

"ಏನ್ ತಿಂದ್ರಿ?"

"ಬಾಳೆಹಣ್ಣು."

"ಯಾರು ಕೊಟ್ರು?"

"ಗಾಡಿಯವನು. ನೀವೆಲ್ಲ ಆಫೀಸಿಗೆ ಹೋದ ಮೇಲೆ ಗೇಟ್ ಹತ್ರ ಬರ್ತಾನೆ."

ಮಾರನೆಯ ಬೆಳಿಗ್ಗೆ ಕಚೇರಿಗೆ ತಡವಾದರೂ ಪರವಾಗಿಲ್ಲ ಅಂತ ಗೇಟಿನ ಬಳಿ ಕಾದು ನಿಂತೆ. ಬಾಳೆಹಣ್ಣಿನ ಗಾಡಿ ತಳ್ಳಿಕೊಂಡು ಬಂದವನನ್ನು ತಡೆದು, ನಮ್ಮ ಅತ್ತೆಗೆ ಇನ್ನೊಂದು ಹಣ್ಣು ಕೊಟ್ಟರೆ ಪೊಲೀಸ್ ಕಂಪ್ಲೇಂಟ್ ಕೊಡುತ್ತೇನೆ ಅಂದೆ. ಕೊಲೆ ಕೇಸೇ ಆಗುತ್ತದೆ ಅಂತಲೂ ಸೇರಿಸಿದೆ.

"ಅಕ್ಕಾ, ನಿಮ್ಮತ್ತೆ ಮುಖಾನೇ ನಾನು ನೋಡಿಲ್ಲ," ಅಂದ ಅವನು.

"ಸುಳ್ಳು ಹೇಳಬೇಡ. ಅವರೇ ಒಪ್ಕೊಂಡಿದ್ದಾರೆ."

ಅವನು ನನ್ನನ್ನೂ ಗಾಡಿಯನ್ನೂ ಒಂದು ಸಲ ನೋಡಿ, ಮಾತು ಬೆಳೆಸದೆ ಮುಂದಕ್ಕೆ ತಳ್ಳಿಕೊಂಡು ಹೋದ. ಆಮೇಲೆ ನಮ್ಮ ರಸ್ತೆಗೆ ಬರುವುದನ್ನೇ ಬಿಟ್ಟ. ಅಕ್ಕಪಕ್ಕದವರು ಬಾಳೆಹಣ್ಣಿಗೆ ಜಯನಗರ ನಾಲ್ಕನೇ ಬ್ಲಾಕಿಗೆ ಹೋಗಬೇಕಾಯಿತು, ಅದಕ್ಕೂ ನನ್ನನ್ನೇ ಶಪಿಸಿದರು.

ಕಳ್ಳ ಸಿಕ್ಕಿದ, ಇನ್ನು ಭಯವಿಲ್ಲ ಅಂದುಕೊಂಡರೂ ನಾನು ಇನ್ನಷ್ಟು ಬಿಗಿ ಮಾಡಿದೆ. ಎರಡು ಸಲ ಕುದಿಸಿ ಬಸಿಯುತ್ತಿದ್ದ ತರಕಾರಿಯನ್ನು ಮೂರು ಸಲ ಕುದಿಸಿ ಬಸಿಯತೊಡಗಿದೆ. ಬೀನ್ಸು ಕೊನೆಗೆ ಬೀನ್ಸಿನ ಬಣ್ಣವನ್ನೂ ಕಳೆದುಕೊಂಡು ತಟ್ಟೆಯಲ್ಲಿ ನಿಸ್ತೇಜವಾಗಿ ಬಿದ್ದಿರುತ್ತಿತ್ತು. ಅತ್ತೆ ಆ ಪಲ್ಯವನ್ನು ಬೆರಳಲ್ಲಿ ಪಕ್ಕಕ್ಕೆ ಸರಿಸಿ, ಅನ್ನಕ್ಕೆ ಸಾರು ಕಲಸಿಕೊಂಡು ಊಟ ಮುಗಿಸುತ್ತಿದ್ದರು. ಪಾಪ, ಅದಾದರೂ ರುಚಿಯಾಗಿರಲಿ ಅಂತ ನಾನು ಸಾರಿಗೆ ಮನಸ್ಸಿಟ್ಟು ಮಸಾಲೆ ಅರೆಯುತ್ತಿದ್ದೆ.

ಹತ್ತು ದಿನವಾಗಿರಬಹುದು. ಒಂದು ಸೋಮವಾರ ಬೆಳಿಗ್ಗೆ ಆಟೋದಿಂದ ಇಳಿಯುವಾಗ ಅತ್ತೆಯ ಕಾಲಿನಲ್ಲಿ ಶಕ್ತಿಯೇ ಇರಲಿಲ್ಲ. ನರ್ಸುಗಳು ಗಾಲಿಕುರ್ಚಿಯಲ್ಲಿ ಒಳಗೆ ಕರೆದೊಯ್ದು ಇ.ಸಿ.ಜಿ. ತೆಗೆದರು. ಆ ಕಾಗದ ನೋಡಿದ್ದೇ ಡಾಕ್ಟರು ಓಡಿ ಬಂದರು. ರಕ್ತನಾಳಕ್ಕೆ ಏನೋ ಇಂಜೆಕ್ಷನ್ ಕೊಟ್ಟರು, ಅವಸರವಸರವಾಗಿ ಮೆಷಿನ್ ಹಚ್ಚಿದರು. ಪೊಟ್ಯಾಸಿಯಂ ಏಳರ ಹತ್ತಿರ ಬಂದಿತ್ತು. ನನ್ನನ್ನು ಹೊರಗೆ ನಿಲ್ಲಿಸಿದರು. ಹದಿನೆಂಟು ವರ್ಷ ಆ ಹೆಂಗಸಿನ ಜೊತೆ ದಿನ ಬಿಟ್ಟು ದಿನ ಜಗಳವಾಡಿದವಳು ಆ ಗಾಜಿನ ಬಾಗಿಲ ಮುಂದೆ ನಿಂತು, ಶಿವನೇ, ಇವರನ್ನು ಕರೆದುಕೊಳ್ಳಬೇಡ, ಇವರಿಲ್ಲದ ಮನೆಗೆ ನಾನು ಹೋಗಿ ಏನು ಮಾಡಲಿ ಅಂತ ಅಳುತ್ತಿದ್ದೆ. ನನಗೇ ಆಶ್ಚರ್ಯವಾಗುವಷ್ಟು ಅತ್ತುಬಿಟ್ಟೆ.

ಒಂದು ಗಂಟೆ ಕಳೆದ ಮೇಲೆ ಅಪಾಯ ದಾಟಿದೆ ಅಂದರು. ಆಗ ಆ ಡಯಟಿಶಿಯನ್ ಹುಡುಗಿ ಬಂದು ನನ್ನನ್ನು ತನ್ನ ಪುಟ್ಟ ಕೋಣೆಗೆ ಕರೆದುಕೊಂಡು ಹೋದಳು. ಒಂದು ಲೋಟ ನೀರು ಕೊಟ್ಟಳು. ಪೆನ್ನು, ಹಾಳೆ ತೆಗೆದಳು.

"ಅಕ್ಕಾರ, ಅಜ್ಜಿಗೆ ನಿನ್ನೆ ಮುಂಜಾನಿಂದ ಏನೇನು ಕೊಟ್ರಿ, ಒಂದೂ ಬಿಡದಂಗ ಹೇಳ್ರಿ."

"ಬೆಳಿಗ್ಗೆ ಎರಡು ಇಡ್ಲಿ, ಚಟ್ನಿ ಕೊಟ್ಟಿಲ್ಲ. ಅರ್ಧ ಲೋಟ ಕಾಫಿ. ಮಧ್ಯಾಹ್ನ ಅನ್ನ, ಮೂರು ಸಲ ಬೇಯಿಸಿ ಬಸಿದಿರೋ ಬೀನ್ಸ್ ಪಲ್ಯ, ಒಂದು ಬಟ್ಟಲು ಬಸ್ಸಾರು. ರಾತ್ರಿನೂ ಅದೇ."

"ಬಸ್ಸಾರು ಅಂದ್ರೇನ್ರಿ? ನಮ್ಮ ಕಡೆ ಇಲ್ಲ ಅದು."

ಅಂಥ ಹೊತ್ತಿನಲ್ಲೂ ಆ ಪ್ರಶ್ನೆ ಕೇಳಿ ನನಗೆ ಸ್ವಲ್ಪ ಜೀವ ಬಂತು. ಹದಿನೆಂಟು ವರ್ಷದಲ್ಲಿ ನನ್ನನ್ನು ಯಾರೂ ಅಡುಗೆ ಹೇಗೆ ಮಾಡುತ್ತೀಯ ಅಂತ ಕೇಳಿದವರಿಲ್ಲ. ಅದೂ ನನ್ನ ಬಸ್ಸಾರು ಇತ್ತೀಚೆಗೆ ಎಷ್ಟು ಹದವಾಗಿ ಬರುತ್ತಿತ್ತೆಂದರೆ, ಅತ್ತೆ ಒಂದು ತಿಂಗಳಿಂದ ಅದಕ್ಕೆ ಯಾವ ಕುಂದೂ ಹೇಳಿರಲಿಲ್ಲ.

"ಅಯ್ಯೋ, ಬಸ್ಸಾರು ತಿಂದಿಲ್ವಾ ನೀನು? ಅದೇನು ಕಷ್ಟ ಇಲ್ಲಮ್ಮ. ಒಂದು ಹಿಡಿ ಬೇಳೆ ಜೊತೆ ಸೊಪ್ಪೋ ಬೀನ್ಸೋ ಹಾಕಿ ಬೇಯಿಸ್ಬೇಕು. ಬೆಂದ ಮೇಲೆ ಬಸೀಬೇಕು. ತರಕಾರಿಗೆ ಒಗ್ಗರಣೆ ಹಾಕಿದ್ರೆ ಪಲ್ಯ ಆಯ್ತು. ಆಮೇಲೆ ಈರುಳ್ಳಿ, ಬೆಳ್ಳುಳ್ಳಿ ಸುಟ್ಕೊಂಡು, ಮೆಣಸು, ಜೀರಿಗೆ, ಚೂರು ಕಾಯಿ ಹಾಕಿ ರುಬ್ಕೋಬೇಕು. ಆ ಬಸಿದ ನೀರು ಇರತ್ತಲ್ಲ, ಅದನ್ನ ಮಾತ್ರ ಚೆಲ್ಲಬಾರದು. ಸತ್ವ ಎಲ್ಲ ಅದರಲ್ಲೇ ಇರೋದು. ಆ ನೀರಿಗೆ..."

ನನ್ನ ಬಾಯಿ ಅಲ್ಲಿಗೇ ನಿಂತುಹೋಯಿತು.

ಹುಡುಗಿಯ ಪೆನ್ನೂ ನಿಂತಿತ್ತು. ಆಮೇಲೆ ಅವಳು ತೀರಾ ಮೆತ್ತಗೆ, "ದಿನಾ ಮಾಡ್ತೀರೇನ್ರಿ?" ಅಂದಳು.

"ಮುಂಚೆ ವಾರಕ್ಕೊಂದು ಸಲ. ಈಗ ದಿನಾ ಬಸೀತೀವಲ್ಲ, ಅದಕ್ಕೆ ದಿನಾ."

"ಎರಡನೇ ಸಲ ಬಸದ ನೀರು?"

"ಅದೂ."

"ಮೂರನೇದು?"

"ಮೂರೂ ಸೇರಿಸ್ತೀನಿ. ನೀರಿನ ಅಳತೆ ಮೀರಬಾರದು ಅಂತ ಅರ್ಧಕ್ಕೆ ಇಳಿಯೋ ತನಕ ಕುದಿಸ್ತೀನಿ."

ಹುಡುಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ನಗು ತಡೆಯುತ್ತಿದ್ದಳೋ ಅಳು ತಡೆಯುತ್ತಿದ್ದಳೋ ಗೊತ್ತಾಗಲಿಲ್ಲ. "ನಂದೂ ತಪ್ಪೈತ್ರಿ ಅಕ್ಕಾರ," ಅಂದಳು. "ಆ ನೀರು ಏನು ಮಾಡ್ತೀರಿ ಅಂತ ನಾ ಒಂದ ಸಲಾನೂ ಕೇಳಲಿಲ್ಲ."

ಅವಳೇನು ಕೇಳುವುದು. ಬಸಿದ ನೀರನ್ನು ಚೆಲ್ಲುವ ಮನೆಯನ್ನು ನಾನು ಹುಟ್ಟಿದಂದಿನಿಂದ ಕಂಡಿಲ್ಲ. ನಮ್ಮ ಕಡೆ ಯಾರನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಆ ನೀರು ಸಾರಿಗೆ ಅಂತಲೇ ಹೇಳುತ್ತಾರೆ. ಟಾನಿಕ್ಕಿನ ಬಾಟಲಿ ಓದಿದೆ, ಉಪ್ಪಿನ ಪೊಟ್ಟಣದ ಬೆನ್ನು ಓದಿದೆ, ಮಲಗಿದ್ದ ಮುದುಕಿಯ ಬಾಯಿ ಮೂಸಿದೆ, ಪಾಪದ ಗಾಡಿಯವನ ಮೇಲೆ ಕೊಲೆ ಕೇಸು ಹಾಕಿದೆ, ನಾದಿನಿಯನ್ನು ಮೆಟ್ಟಿಲ ಮೇಲೆ ಕೂರಿಸಿ ಅಳಿಸಿದೆ. ಒಲೆಯ ಮೇಲೆ ನನ್ನ ಕೈಯಾರೆ ಕುದಿಯುತ್ತಿದ್ದ ಪಾತ್ರೆಯೊಳಗೆ ಮಾತ್ರ ಬಗ್ಗಿ ನೋಡಲಿಲ್ಲ. ನನ್ನಂಥ ದಡ್ಡಿ ಬನಶಂಕರಿಯಲ್ಲೇ ಇಲ್ಲ ಅಂತ ನನಗೆ ನಾನೇ ಬೈದುಕೊಂಡೆ.

ಅತ್ತೆಯ ಮಂಚದ ಬಳಿ ಹೋದೆ. ಅವರು ಎಚ್ಚರವಾಗಿದ್ದರು, ಎಡತೋಳು ಮೆಷಿನ್ನಿನ ವಶದಲ್ಲಿತ್ತು. ವಿಭೂತಿ ಅರ್ಧ ಅಳಿಸಿಹೋಗಿತ್ತು. ಸ್ಟೂಲಿನ ಮೇಲೆ ಕೂತು, ಬೈಸಿಕೊಳ್ಳುವುದಕ್ಕೆ ಸಿದ್ಧಳಾಗಿ ಹೇಳಿದೆ.

"ಅತ್ತೆ, ಬಾಳೆಹಣ್ಣಿಂದ ಅಲ್ಲ ಇದು. ನಾನು ಮಾಡ್ತಿದ್ದ ಸಾರಿಂದ."

"ಗೊತ್ತು," ಅಂದರು.

"ಗೊತ್ತಾ? ಯಾವಾಗಿಂದ?"

"ನೀರಿಗೆ ಇಳಿಯತ್ತೆ ಅಂತ ಆ ಹುಡುಗಿ ಹೇಳಿದ್ಲಲ್ಲ, ಅವತ್ತಿಂದಾನೆ. ನೀನು ಜಂಬ ಕೊಚ್ಕೊಳ್ತಾ ಇದ್ದೆ, ನಿನಗೆ ಕೇಳಿಸಲಿಲ್ಲ."

"ಮತ್ತೆ ಬಾಳೆಹಣ್ಣು ತಿಂದೆ ಅಂದ್ರಿ?"

"ಬಾಳೆಹಣ್ಣು ಅಂದ್ರೆ ಬಾಳೆಹಣ್ಣು ನಿಲ್ಲಿಸ್ತೀಯ. ನಾನು ಅದನ್ನ ತಿಂದೇ ಇಲ್ಲ, ನಿಂತ್ರೆ ನಿಲ್ಲಲಿ. ಸಾರು ಅಂದಿದ್ರೆ ಸಾರು ನಿಲ್ಲಿಸ್ತಿದ್ದೆ. ಆ ಸಪ್ಪೆ ಬೀನ್ಸು, ಬಳಪದ ಮಾತ್ರೆ, ಇದರ ಮಧ್ಯೆ ಬಾಯಿಗೆ ಅಂತ ಇದ್ದಿದ್ದು ಅದೊಂದೇ ಕಣೆ. ಅದೂ ನಿನಗೆ ಈಗಷ್ಟೇ ಮಾಡೋಕೆ ಬಂದಿತ್ತು. ಒಂದು ಬಟ್ಟಲಿಗೆ ಏನು ಮಹಾ ಆಗತ್ತೆ ಅಂದ್ಕೊಂಡೆ. ಡಾಕ್ಟ್ರು ಹೆದರಿಸೋದು ಇದ್ದದ್ದೇ."

ಅಷ್ಟು ಹೊತ್ತು ನನ್ನ ಮೇಲೆ ನನಗಿದ್ದ ಸಿಟ್ಟೆಲ್ಲ ಅವರ ಕಡೆ ತಿರುಗಿತು. ಪಕ್ಕದ ಮಂಚದವರು ಕೇಳಿಸಿಕೊಳ್ಳುತ್ತಿದ್ದಾರೆ ಅನ್ನುವುದೂ ಮರೆತುಹೋಯಿತು. "ಬೆಳಿಗ್ಗೆ ಹೋಗಿಬಿಡ್ತಿದ್ರಿ ನೀವು," ಅಂದೆ. "ನಿಮ್ಮ ಪಾಡಿಗೆ ನೀವು ಹೋಗ್ತಿದ್ರಿ. ಆಮೇಲೆ ಒಂದು ದಿನ ನನಗೆ ಇದು ಗೊತ್ತಾಗ್ತಿತ್ತಲ್ಲ ಅತ್ತೆ? ನನ್ನ ಕೈಯಾರೆ ಕುದಿಸಿ, ಬಟ್ಟಲಿಗೆ ಹಾಕಿ, ನಾನೇ ನಿಂತ್ಕೊಂಡು ನಿಮ್ಮನ್ನ ಕೊಂದೆ ಅಂತ ಗೊತ್ತಾಗ್ತಿತ್ತಲ್ಲ? ಅದನ್ನ ಇಟ್ಕೊಂಡು ನಾನು ಹೇಗೆ ಬದುಕ್ಬೇಕಿತ್ತು, ಹೇಳಿ?"

ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು.

"ಅದು ಹೊಳೀಲಿಲ್ಲ ಕಣೆ," ಅಂದರು ಕೊನೆಗೆ. "ನಾನು ತಿಂದು ನಾನು ಸಾಯ್ತೀನಿ ಅಂದ್ಕೊಂಡಿದ್ದೆ. ನಿನ್ನ ತಲೆಗೆ ಬರತ್ತೆ ಅಂತ ಹೊಳೀಲಿಲ್ಲ."

ಹದಿನೆಂಟು ವರ್ಷದಲ್ಲಿ ಅವರು ತಪ್ಪು ಒಪ್ಪಿಕೊಂಡದ್ದು ಅದೇ ಮೊದಲು. ಬಲಗೈ ಚಾಚಿ ನನ್ನ ಸೆರಗಿನ ತುದಿ ಹಿಡಿದುಕೊಂಡರು. ಮೆಷಿನ್ನು ನಿಲ್ಲುವ ತನಕ ಬಿಡಲಿಲ್ಲ, ನಾನೂ ಬಿಡಿಸಿಕೊಳ್ಳಲಿಲ್ಲ.

ಎರಡು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ನಾನು ಅಷ್ಟರೊಳಗೆ ಉತ್ತರಹಳ್ಳಿಗೆ ಹೋಗಿ ನಾದಿನಿಯ ಕ್ಷಮೆ ಕೇಳಿದ್ದೆ. ಮನೆಗೆ ಬಂದ ದಿನ ಎಲೆಕೋಸು ಬೇಯಿಸಿ, ಪಾತ್ರೆಯ ಬಾಯಿಗೆ ತಟ್ಟೆ ಮುಚ್ಚಿ ನೀರು ಬಸಿದೆ. ಇನ್ನೊಂದು ಪಾತ್ರೆಯಲ್ಲಿ ನೀರು ಹೊಗೆಯಾಡುತ್ತಾ ನಿಂತಿತ್ತು. ಅದನ್ನು ಎತ್ತಿ ಸಿಂಕಿನವರೆಗೂ ತಂದೆ, ಬಗ್ಗಿಸುವುದಕ್ಕೆ ಕೈ ಬರಲಿಲ್ಲ. ಏನೆಂದು ಗೊತ್ತಿದ್ದೂ, ಅಷ್ಟೆಲ್ಲ ಆದ ಮೇಲೂ, ಒಂದು ಲೋಟದಷ್ಟಾದರೂ ನಮಗೆ ಅಂತ ತೆಗೆದಿಡೋಣವೇ ಅನ್ನಿಸಿ ನಿಂತುಬಿಟ್ಟೆ.

ಹಾಲ್‌ನಲ್ಲಿ ಕೂತಿದ್ದ ಅತ್ತೆ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದರು.

"ಕೊಡಿಲ್ಲಿ," ಅಂದರು. "ನಿನ್ನ ಕೈಲಿ ಆಗಲ್ಲ ಅದು."

ಪಾತ್ರೆಯ ಕಿವಿಯನ್ನು ಬಲಗೈಯಲ್ಲಿ ಹಿಡಿದುಕೊಂಡರು, ಇನ್ನೊಂದು ಕಡೆ ನಾನು ಹಿಡಿದೆ. ಅಯ್ಯೋ ಶಿವನೇ ಅಂತ ಮುಖ ಆಚೆ ತಿರುಗಿಸಿಕೊಂಡು ಬಗ್ಗಿಸಿದರು. ಒಂದು ಹನಿಯೂ ಉಳಿಯದ ಹಾಗೆ ಬಗ್ಗಿಸಿದರು. ಹದಿನೈದು ದಿನಕ್ಕೆ ಪೊಟ್ಯಾಸಿಯಂ ಐದು ಪಾಯಿಂಟ್ ಎರಡಕ್ಕೆ ಬಂತು.

ಅದಾದ ಮೇಲೆ ಅವರು ನಾಲ್ಕು ವರ್ಷ ನಮ್ಮ ಜೊತೆ ಇದ್ದರು. ತರಕಾರಿ ಬೇಯಿಸುವುದು, ಬಸಿಯುವುದು ನನ್ನ ಕೆಲಸ. ಆ ನೀರನ್ನು ಮಾತ್ರ ನನ್ನ ಕೈಯಿಂದ ಒಂದು ದಿನವೂ ಚೆಲ್ಲಿಸಲಿಲ್ಲ, ಏಳಲಾಗದ ದಿನವೂ ಗೋಡೆ ಹಿಡಿದುಕೊಂಡು ಬಂದು ತಾವೇ ಚೆಲ್ಲಿದರು.